ಆಮ್ರಪಾಲಿಯ ಎರಡನೇ ಮೂವತ್ತು ತಿಂಗಳು

ಹದಿನೈದು ಚೀಟಿ ಎಣಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಚುನಾವಣಾಧಿಕಾರಿ ಮತ್ತೊಮ್ಮೆ ಎಣಿಸಿ, ಕನ್ನಡಕ ಒರೆಸಿಕೊಂಡು ಓದಿದರು: ಆಮ್ರಪಾಲಿ ಧರ್ಮರಾಜ ಕಾಂಬಳೆ ಒಂಬತ್ತು, ಶಿವಶರಣಪ್ಪ ಬಿರಾದಾರ ಆರು. ಹೊರಗೆ ಪಟಾಕಿ ಸರ ಹಿಡಿದು ನಿಂತಿದ್ದವರೆಲ್ಲ ಶಿವಶರಣಪ್ಪನವರ ಕಡೆಯವರು. ಹಚ್ಚಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಆಮ್ರಪಾಲಿಯೇ ಬಾಗಿಲಿಗೆ ಬಂದು ಹೇಳಿದರು:

“ತಂದೀರಲ್ಲ, ಹಚ್ರಿ. ಹೊಳ್ಳಿ ಮನಿಗೆ ಒಯ್ದು ಏನ್ ಮಾಡ್ತೀರಿ?”

ಹಚ್ಚಿದರು.

ನಾನಾಗ ಕರಿಮಡ್ಡಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಊರವರ ಬಾಯಲ್ಲಿ ಪಿಡಿಓ ಸಾಹೇಬ. ನನ್ನ ಮನೆ ವಿಜಯಪುರದ ಜಲನಗರದಲ್ಲಿ. ದಿನಾ ಬೆಳಿಗ್ಗೆ ತಿಕೋಟಾ ಬಸ್ಸು ಹಿಡಿದು, ಅಲ್ಲಿಂದ ಹೊನವಾಡದ ಬಸ್ಸು ಹತ್ತಿ, ಅರ್ಧ ದಾರಿಗೆ ಇಳಿದರೆ ಕರಿಮಡ್ಡಿ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಹಲವು ಅಧ್ಯಕ್ಷರನ್ನು ಕಂಡಿದ್ದೇನೆ. ಒಬ್ಬರ ಬಗ್ಗೆ ಬರೆಯಬೇಕು ಎನಿಸಿದ್ದು ಇವರೊಬ್ಬರ ವಿಷಯದಲ್ಲೇ.

ಪಂಚಾಯಿತಿಯ ಆಯುಷ್ಯ ಐದು ವರ್ಷ. ಅಧ್ಯಕ್ಷ ಸ್ಥಾನ ಮಾತ್ರ ಮೂವತ್ತು ತಿಂಗಳಂತೆ ಎರಡು ಪಾಳಿ. ಮೊದಲ ಪಾಳಿ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಸದಸ್ಯರಲ್ಲಿ ಅದಕ್ಕೆ ಹೊಂದುವವರು ಆಮ್ರಪಾಲಿ ಒಬ್ಬರೇ. ಹಾಗಾಗಿ ಎದುರಾಳಿಯಿಲ್ಲದೆ ಕುರ್ಚಿ ಬಂತು. ಎರಡನೇ ಪಾಳಿ ಸಾಮಾನ್ಯ ವರ್ಗಕ್ಕೆ ಹೋಯಿತು. ಇನ್ನು ಇವರ ಕೆಲಸ ಮುಗಿಯಿತೆಂದು ಊರು ತಿಳಿಯಿತು. ಉಪಾಧ್ಯಕ್ಷರಾಗಿದ್ದ ಶಿವಶರಣಪ್ಪನವರು ಹೊಸ ಅಂಗಿ ಹೊಲಿಸಿದರು. ಅವರದು ಊರಿನ ದೊಡ್ಡ ದ್ರಾಕ್ಷಿ ತೋಟ, ದೊಡ್ಡ ಮನೆತನ. ನಾನೂ ಅವರೇ ಅಧ್ಯಕ್ಷರಾದರೆಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಚುನಾವಣೆಗೆ ನಾಲ್ಕು ದಿನ ಇರುವಾಗ ಆಮ್ರಪಾಲಿ ಕಚೇರಿಗೆ ಬಂದು, “ಸರ್, ನಾಮಪತ್ರದ ಫಾರ್ಮ್ ಒಂದ್ ಕೊಡ್ರಿ” ಎಂದರು.

“ಯಾರಿಗೆ ಬೇಕ್ರಿ?”

“ನನಗ.”

“ಈ ಸಲ ಜನರಲ್ ಐತಲ್ರಿ, ಅಧ್ಯಕ್ಷರ.”

“ಜನರಲ್ ಅಂದ್ರ ಎಲ್ಲಾರೂ ನಿಂದರಬಹುದು ಅಂತ ನೀವ ಓದಿ ಹೇಳಿದ್ರಿ. ಎಲ್ಲಾರೊಳಗ ನಾ ಇಲ್ಲೇನ್ರಿ?”

ಫಾರ್ಮ್ ಕೊಟ್ಟೆ.

ಹದಿನೈದರಲ್ಲಿ ಎಂಟು ಮಂದಿ ಹೆಣ್ಣುಮಕ್ಕಳು. ಉಳಿದ ಏಳು ಹೆಣ್ಣುಮಕ್ಕಳನ್ನು ಆಮ್ರಪಾಲಿ ಅವರವರ ಮನೆಯಲ್ಲಿ ಭೇಟಿಯಾಗಲಿಲ್ಲ. ಒಬ್ಬರನ್ನು ಹಿಟ್ಟಿನ ಗಿರಣಿಯಲ್ಲಿ, ಒಬ್ಬರನ್ನು ಬಸ್ ನಿಲ್ದಾಣದಲ್ಲಿ, ಮತ್ತೊಬ್ಬರನ್ನು ರೇಷನ್ ಸಾಲಿನಲ್ಲಿ ಕಂಡು ಮಾತಾಡಿದರು. ಗಂಡಸರು ಜೊತೆಗಿಲ್ಲದ ಜಾಗ ನೋಡಿಕೊಂಡಿದ್ದರು, ಅಷ್ಟೇ. “ಚೀಟಿ ಮ್ಯಾಲ ನಿಮ್ಮ ಹೆಸರು ಇರೂದಿಲ್ಲ. ಮಡಚಿ ಹಾಕೂದು ನಿಮ್ಮ ಕೈ” ಎಂದಿದ್ದರಂತೆ. ಎಂಟು ಚೀಟಿ ಎಲ್ಲಿಂದ ಬಂದವು ಎಂಬುದು ಹೀಗೆ ತಿಳಿಯಿತು. ಒಂಬತ್ತನೆಯದು ಯಾರದು ಎಂಬುದು ಇವತ್ತಿಗೂ ಗೊತ್ತಿಲ್ಲ. ಸದಸ್ಯ ಹುಸೇನಸಾಬರದು ಎಂದು ಕೆಲವರ ಅನುಮಾನ. ಕೇಳಿದರೆ ಹುಸೇನಸಾಬರು ನಗುತ್ತಾರೆ, ಬಾಯಿ ಬಿಡುವುದಿಲ್ಲ.

ಆಮ್ರಪಾಲಿಯವರ ತವರು ತೊರವಿ. ತಂದೆ ರಾಜಾರಾಮ ಗಾರೆ ಕೆಲಸದ ಗೌಂಡಿ. ಊರ ಹೊರಗೆ ಕಾಲೇಜು, ಹಾಸ್ಟೆಲ್ಲುಗಳು ಎದ್ದಾಗ ಅವುಗಳ ಗೋಡೆ ಕಟ್ಟಿದವರಲ್ಲಿ ಒಬ್ಬರು. ಮಗಳು ದಿನಾ ನಗರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮೊದಲನೇ ವರ್ಷ ಓದಿದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಕರಿಮಡ್ಡಿಗೆ ಬಂದವರು ಅತ್ತೆ ಪರಸವ್ವನ ಜೊತೆ ದ್ರಾಕ್ಷಿ ತೋಟದ ಕೂಲಿಗೆ ಹೋದರು. ಗಂಡ ಧರ್ಮರಾಜ ಶಿವಶರಣಪ್ಪನವರ ಟ್ರ್ಯಾಕ್ಟರ್ ಚಾಲಕ. ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿ, ಬಳ್ಳಿಗಳ ಸಾಲಿನಲ್ಲಿ ಔಷಧಿ ಹೊಡೆಯುವುದು ಅವರ ಕೆಲಸ.

ಅಧ್ಯಕ್ಷರಾದ ಹೊಸದರಲ್ಲಿ ಧರ್ಮರಾಜ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಕಾಗದಗಳನ್ನು ಸಹಿಯ ಜಾಗ ಮಾತ್ರ ಕಾಣುವಂತೆ ಮಡಚಿ ಇಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಎರಡನೇ ತಿಂಗಳಲ್ಲಿ ಆಮ್ರಪಾಲಿ ಒಂದು ಕಾಗದದ ಮಡಿಕೆ ಬಿಚ್ಚಿದರು. ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದರು. ಆ ದಿನ ಒಂಬತ್ತು ಕಾಗದಕ್ಕೆ ಮಧ್ಯಾಹ್ನವಾಯಿತು. ಮರುದಿನವೂ ಹಾಗೆಯೇ. ಆರು ತಿಂಗಳಲ್ಲಿ ಬೆರಳು ಬೇಕಾಗಲಿಲ್ಲ. ವರ್ಷದ ಹೊತ್ತಿಗೆ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಧರ್ಮರಾಜ ತಾವಾಗಿಯೇ ತೋಟಕ್ಕೆ ಮರಳಿದ್ದರು. “ಇಲ್ಲಿ ಕುಂತ್ರ ನನಗ ನಿದ್ದಿ ಬರ್ತೈತ್ರಿ ಸಾಹೇಬ್ರ” ಎಂದಿದ್ದರು ನನಗೆ.

ಮೊದಲ ಪಾಳಿಯಲ್ಲಿ ರಸ್ತೆ, ಗಟಾರು, ಬೀದಿದೀಪ ಎಲ್ಲ ಆದವು. ಕೆಟ್ಟ ಕೆಲಸವೇನಲ್ಲ. ಆದರೆ ಎಲ್ಲವೂ ಬೇರೆಯವರು ಬರೆಸಿದ್ದು, ಇವರು ಸಹಿ ಹಾಕಿದ್ದು.

ಎರಡನೇ ಪಾಳಿಯ ಮೊದಲ ಸಭೆಯಲ್ಲಿ ಆಮ್ರಪಾಲಿ ಎಲ್ಲ ಸದಸ್ಯರನ್ನೂ ಅವರವರ ಓಣಿಗೆ ಏನು ಬೇಕು ಎಂದು ಕೇಳಿ ಬರೆಸಿದರು. ಶಿವಶರಣಪ್ಪನವರನ್ನೂ ಕೇಳಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಈಗ ನಂದೊಂದು ಬರೀರಿ ಸರ್” ಎಂದರು. “ತೋಟದ ಕೂಲಿಗೆ ಹೋಗೋ ಹೆಂಗಸರ ಕೂಸುಗಳನ್ನ ಇಟಗೊಳ್ಳಾಕ ಒಂದ್ ಖೋಲಿ.”

ಆ ಮಾತಿನ ಹಿಂದೆ ಒಂದು ಘಟನೆಯಿತ್ತು. ಮಗಳು ಗೌತಮಿ ಎಂಟು ತಿಂಗಳ ಕೂಸಾಗಿದ್ದಾಗ ಆಮ್ರಪಾಲಿ ಅವಳನ್ನು ತೋಟಕ್ಕೆ ಕರೆದೊಯ್ಯುತ್ತಿದ್ದರು. ದ್ರಾಕ್ಷಿ ಚಪ್ಪರದ ಕಬ್ಬಿಣದ ಕಂಬಗಳ ನಡುವೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸಿ, ಗೊಂಚಲುಗಳ ಕೆಲಸಕ್ಕೆ ನಿಲ್ಲುತ್ತಿದ್ದರು. ಎಲ್ಲ ತಾಯಂದಿರೂ ಹಾಗೆಯೇ ಮಾಡುತ್ತಿದ್ದರು. ಒಂದು ಮುಂಜಾನೆ ನಾಲ್ಕು ಸಾಲು ಆಚೆ ಬ್ಲೋವರ್ ಚಾಲೂ ಆಯಿತು. ಗಾಳಿ ತಿರುಗಿ ಔಷಧಿಯ ಮಂಜು ಈ ಕಡೆ ಬಂತು. ಓಡಿ ಬಂದು ನೋಡಿದಾಗ ಕೂಸಿನ ಕಣ್ಣು ಕೆಂಪಾಗಿ ಊದಿ, ಉಸಿರು ಸೀಟಿ ಹಾಕುತ್ತಿತ್ತು. ಟ್ರ್ಯಾಕ್ಟರ್ ನಡೆಸುತ್ತಿದ್ದವರು ಧರ್ಮರಾಜ. ಶಿವಶರಣಪ್ಪನವರೇ ತಮ್ಮ ಜೀಪಿನಲ್ಲಿ ತಾಯಿ ಮಗುವನ್ನು ತಿಕೋಟಾದ ಆಸ್ಪತ್ರೆಗೆ ಒಯ್ದರು. ಮೂರು ದಿನಕ್ಕೆ ಕೂಸು ಚೇತರಿಸಿಕೊಂಡಿತು. ಗೌತಮಿ ಈಗ ಐದನೇ ತರಗತಿ, ಓಟದಲ್ಲಿ ಮುಂದು.

“ಅವತ್ತಿನಿಂದ ನಮ್ಮ ಮನಿಯವರು ಗಾಡಿ ಚಾಲೂ ಮಾಡೂಕ್ಕಿಂತ ಮೊದಲ ಇಳದು, ಒಂದೊಂದ್ ಸಾಲೂ ಅಡ್ಡಾಡಿ ನೋಡ್ತಾರ್ರಿ” ಎಂದು ಆಮ್ರಪಾಲಿ ನನಗೆ ಹೇಳಿದ್ದರು. “ಆದ್ರ ಎಲ್ಲಾ ಡ್ರೈವರ್ ಮಂದಿಗೆ ಹಂಗ ಆಗಿರೂದಿಲ್ಲಲ್ರಿ. ಅವರು ಯಾಕ ನೋಡ್ತಾರ?”

ಕೂಲಿಕಾರರ ಮಕ್ಕಳಿಗಾಗಿ ಸರ್ಕಾರದ ಕೂಸಿನ ಮನೆ ಯೋಜನೆ ಆಗತಾನೇ ಬಂದಿತ್ತು. ಹಳೆಯ ಶಾಲೆಯ ಒಂದು ಕೋಣೆ ಖಾಲಿ ಬಿದ್ದಿತ್ತು. ಹೆಂಚು ಬದಲಿಸಿ, ಸುಣ್ಣ ಹೊಡೆದು, ನೆಲಕ್ಕೆ ಚಾಪೆ ಹಾಸಿದೆವು. ನೋಡಿಕೊಳ್ಳಲು ಇಬ್ಬರನ್ನು ಆರಿಸಬೇಕಿತ್ತು. ಪರಸವ್ವ ತಾವೇ ಸಿದ್ಧರಾಗಿದ್ದರು. ಅರ್ಧ ಊರಿನ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅವರದು. ಸೊಸೆ ಒಪ್ಪಲಿಲ್ಲ.

“ಅತ್ತಿ, ನಿಮ್ಮನ್ನ ತಗೊಂಡ್ರ ನಾಳಿ ಮಂದಿ ಕೂಸಿನ ಮನಿ ಅನ್ನೂದಿಲ್ಲ, ಕಾಂಬಳೆ ಮನಿ ಅಂತಾರ.”

“ಅಂದ್ರ ಅನ್ನಲಿ ಬಿಡ ಬೇ. ಕೂಸಿಗೆ ಏನ್ ತಿಳಿತೈತಿ?” ಎಂದು ಪರಸವ್ವ ಸಿಡುಕಿದರು. ಹದಿನೈದು ದಿನ ಸೊಸೆಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕೆಲಸಕ್ಕೆ ಆಯ್ಕೆಯಾದವರು ದರ್ಗಾದ ಓಣಿಯ ಆಶಾಬಿ, ಮತ್ತು ಆಮ್ರಪಾಲಿಯವರ ಓಣಿಯಲ್ಲೇ ಇದ್ದ, ಆದರೆ ಸಂಬಂಧಿಯಲ್ಲದ ಶಾಂತಾಬಾಯಿ.

ದೀಪಾವಳಿ ಮುಗಿದ ಮೇಲೆ ಒಂದು ಸೋಮವಾರ ಕೋಣೆ ತೆರೆಯಿತು. ಆದೇಶದಲ್ಲಿದ್ದಂತೆ ಬೆಳಿಗ್ಗೆ ಹತ್ತಕ್ಕೆ. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು, ಪೇಢೆ ಹಂಚಿದರು. ಮಕ್ಕಳು ಮಾತ್ರ ಇರಲಿಲ್ಲ. ಆ ವಾರವೆಲ್ಲ ಬಂದದ್ದು ಎರಡೇ ಕೂಸು: ಒಂದು ಆಶಾಬಿಯ ಮೊಮ್ಮಗಳು, ಇನ್ನೊಂದು ಶಾಂತಾಬಾಯಿಯದೇ ಮಗ.

ಇಂಥ ಎಷ್ಟೋ ಕೋಣೆಗಳು ತೆರೆದು ಮುಚ್ಚಿದ್ದನ್ನು ನಾನು ಕಂಡಿದ್ದೆ. ಶನಿವಾರ ಆಮ್ರಪಾಲಿಗೆ ಹೇಳಿದೆ, “ಮಂದಿಗೆ ಬ್ಯಾಡಾಗೇತ್ರಿ, ಅಧ್ಯಕ್ಷರ.”

“ಮಂದಿಗೆ ಬ್ಯಾಡ ಅಂತ ಅವರ ಹೇಳಿಲ್ಲಲ್ರಿ. ನೀವ ಹೇಳಾಕತ್ತೀರಿ” ಎಂದರು. “ಸೋಮವಾರ ಮುಂಜಾನಿ ಆರೂವರಿಗೆ ಬರ್ರಿ. ಒಂದ ದಿನ.”

ಜಲನಗರದಿಂದ ಮೊದಲ ಬಸ್ಸು ಹಿಡಿದರೂ ಆ ಹೊತ್ತಿಗೆ ತಲುಪಲಾಗುವುದಿಲ್ಲ. ಬೈಕ್ ತೆಗೆದುಕೊಂಡು ಹೋದೆ. ಆಮ್ರಪಾಲಿ ಊರ ಹೆಬ್ಬಾಗಿಲಾದ ಅಗಸಿಯ ಬಳಿ ಮೂರು ಗಾಲಿಯ ಟಂಟಂ ಗಾಡಿಗಳು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ಏಳೂವರೆಯೊಳಗೆ ಏಳೆಂಟು ಗಾಡಿ ತುಂಬಿ ಹೊರಟವು. ಒಂದೊಂದರಲ್ಲಿ ಹನ್ನೆರಡು, ಹದಿನೈದು ಹೆಂಗಸರು, ಬುತ್ತಿ ಗಂಟು, ನೀರಿನ ಬಾಟಲಿ, ಸೊಂಟದಲ್ಲಿ ಕೂಸು. ನಾನು ಇಪ್ಪತ್ತಾರು ಕೂಸು ಎಣಿಸಿದೆ. ನಾಲ್ಕು ವರ್ಷ ಆ ಊರಲ್ಲಿ ಕೆಲಸ ಮಾಡಿದ್ದೆ, ಈ ದೃಶ್ಯ ಒಂದು ದಿನವೂ ಕಂಡಿರಲಿಲ್ಲ. ನಾನು ಬಸ್ಸಿಳಿಯುವ ಹೊತ್ತಿಗೆ ಊರು ಖಾಲಿಯಾಗಿರುತ್ತಿತ್ತು.

ಆಮ್ರಪಾಲಿ ಒಂದು ಗಾಡಿಯ ಬಳಿ ಹೋಗಿ ಜೀನತ ಎಂಬ ಎಳೆಯ ತಾಯಿಯನ್ನು ಕೇಳಿದರು, “ಕೂಸಿನ ಮನಿಗೆ ಯಾಕ ಬಿಡವಲ್ಲಿ ತಂಗಿ?”

“ಹತ್ತಕ್ಕ ತಗೀತೈತಿ ಅಕ್ಕಾ. ನಾ ಏಳಕ್ಕ ಹೊಕ್ಕೀನಿ. ನಡುವ ಮೂರು ತಾಸು ಇವ ಗಡಿಯಾರ ನೋಡಕೋತ ಕುಂದರಬೇಕೇನ?”

ಗಾಡಿ ತುಂಬ ನಗು. ಆಮ್ರಪಾಲಿಯೂ ನಕ್ಕರು. ನಂತರ ನನ್ನನ್ನು ನೋಡಿದರು.

ಅದೇ ವಾರ ತುರ್ತು ಸಭೆ ಕರೆದು, ಕೂಸಿನ ಮನೆ ಮುಂಜಾನೆ ಆರೂವರೆಗೆ ತೆರೆದು ಮಧ್ಯಾಹ್ನ ಮೂರೂವರೆಗೆ ಮುಚ್ಚಬೇಕೆಂದು ಠರಾವು ಮಾಡಿದರು. ನಡಾವಳಿ ಪುಸ್ತಕದಲ್ಲಿ ಬರೆಯಬೇಕಾದವನು ನಾನು. ಪೆನ್ನು ಎತ್ತಲಿಲ್ಲ. “ಆದೇಶದಾಗ ಹತ್ತು ಅಂತ ಐತ್ರಿ. ನಾಳಿ ಯಾರರೆ ಕೇಳಿದ್ರ ನಾ ಉತ್ತರ ಕೊಡಬೇಕಾಗ್ತೈತಿ” ಎಂದೆ.

“ನಾ ಕೊಡ್ತೇನಿ. ‘ಅಧ್ಯಕ್ಷರು ಒತ್ತಾಯ ಮಾಡಿದ್ದರಿಂದ’ ಅಂತ ಮೊದಲನೇ ಸಾಲಿನ್ಯಾಗ ಬರೀರಿ. ಹೆಸರೂ ಬರೀರಿ. ನನಗೇನೂ ಅಂಜಿಕಿಲ್ಲ.”

ಬರೆದೆ. ಹದಿನಾಲ್ಕು ಮಂದಿ ಕೈ ಎತ್ತಿದರು. ಶಿವಶರಣಪ್ಪನವರು ಎತ್ತಲೂ ಇಲ್ಲ, ವಿರೋಧಿಸಲೂ ಇಲ್ಲ.

ಮುಂದಿನ ಸೋಮವಾರ ಗಾಡಿಗಳಿಂದ ಒಂಬತ್ತು ಕೂಸು ಬಂದವು. ಆಮೇಲೆ ಹನ್ನೊಂದು. ಅಲ್ಲಿಗೆ ನಿಂತಿತು. ಇನ್ನೂ ಹದಿನೈದು ತಾಯಂದಿರು ಕೂಸುಗಳನ್ನು ಎತ್ತಿಕೊಂಡೇ ಗಾಡಿ ಹತ್ತುತ್ತಿದ್ದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಅಡುಗೆ ಮಾಡುವವರು ಆಶಾಬಿ ಮತ್ತು ಶಾಂತಾಬಾಯಿ. ಆಮ್ರಪಾಲಿ ಇದರ ಬಗ್ಗೆ ಭಾಷಣ ಮಾಡಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಮತ್ತೆ ಅಗಸಿಗೆ ಹೋಗಿ ಗಾಡಿಗಾಡಿಗೂ ಹೇಳಿದರು, “ಇಲ್ಲಿ ಉಣ್ಣೂದ ಬ್ಯಾಡಾಗಿದ್ರ ಮನಿಯಿಂದ ಡಬ್ಬಿ ಕೊಡ್ರಿ. ಕೂಸು ಮಾತ್ರ ತೋಟಕ್ಕ ಒಯ್ಯಬ್ಯಾಡ್ರಿ. ಔಷಧಿಗೆ ಜಾತಿ ಗೊತ್ತಾಗೂದಿಲ್ಲ.”

ನನಗೆ ಇದು ಸೋಲಿನಂತೆ ಕಂಡಿತು. “ಡಬ್ಬಿ ತರಿಸಿದ್ರ ಅವರ ಮಾತಿಗೆ ನೀವ ಒಪ್ಪಿದಂಗ ಆಗ್ತೈತಲ್ರಿ” ಎಂದೆ.

“ಮೊದಲ ಕೂಸು ಒಳಗ ಬರಲಿ ಸರ್. ಡಬ್ಬಿ ತಾನ ಹೊರಗ ಹೊಕ್ಕೈತಿ.”

ಹಾಗೆಯೇ ಆಯಿತು. ಡಬ್ಬಿಗಳು ಬಂದವು. ಆದರೆ ಎರಡು ವರ್ಷದ ಮಕ್ಕಳಿಗೆ ತನ್ನದು, ಪಕ್ಕದವನದು ಎಂಬ ಭೇದ ಎಲ್ಲಿಂದ ಬರಬೇಕು? ಡಬ್ಬಿಯ ತಣ್ಣಗಿನ ರೊಟ್ಟಿ ಬಿಟ್ಟು ಶಾಂತಾಬಾಯಿಯ ಬಿಸಿ ಗಂಜಿಗೆ ಕೈ ಹಾಕಿದವು. ಮೂರೂವರೆಗೆ ಡಬ್ಬಿಗಳು ತುಂಬಿಯೇ ವಾಪಸ್ಸು ಹೋದವು. ತಾಯಂದಿರು ಒಂದು ವಾರ ಗೊಣಗಿದರು. ಮುಂಜಾನೆಯ ಗಡಿಬಿಡಿಯಲ್ಲಿ, ಯಾರೂ ಉಣ್ಣದ ಡಬ್ಬಿ ಕಟ್ಟುವುದು ಎಷ್ಟು ದಿನ? ಸಂಕ್ರಾಂತಿಯ ಹೊತ್ತಿಗೆ ಮೂರು ಡಬ್ಬಿ ಉಳಿದಿದ್ದವು. ಒಂದು ಮನೆಯವರು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಅವರ ಡಬ್ಬಿಗೂ ಗೂಡಿನಲ್ಲಿ ಜಾಗವಿತ್ತು.

ಕೂಸಿನ ಮನೆ ತುಂಬಿದರೂ ಆಮ್ರಪಾಲಿಗೆ ಸಮಾಧಾನವಿರಲಿಲ್ಲ. ಬೇರೆ ಊರಿನಿಂದ ಕೂಲಿಗೆ ಬರುವವರ ಕೂಸುಗಳು ಇನ್ನೂ ಚಪ್ಪರದ ಕೆಳಗೇ ಇದ್ದವು. ತೋಟದವರೆಲ್ಲ ಒಪ್ಪಬೇಕಾದರೆ ಶಿವಶರಣಪ್ಪನವರು ಮೊದಲು ಒಪ್ಪಬೇಕಿತ್ತು. ಚುನಾವಣೆಯ ನಂತರ ಅವರು ಆಮ್ರಪಾಲಿಯ ಜೊತೆ ಮಾತಾಡಿದ್ದು ಕಡಿಮೆ. ಧರ್ಮರಾಜನ ಕೆಲಸವನ್ನು ಮಾತ್ರ ತೆಗೆದಿರಲಿಲ್ಲ. ಇವತ್ತು ಟ್ರ್ಯಾಕ್ಟರಿನ ಕೀಲಿ ವಾಪಸ್ ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಧರ್ಮರಾಜ ತಿಂಗಳುಗಟ್ಟಲೆ ಕಾದಿದ್ದರು. ಕೇಳಲಿಲ್ಲ.

ಒಂದು ಬೆಳಿಗ್ಗೆ ಆಮ್ರಪಾಲಿ ನನ್ನನ್ನೂ ಕರೆದುಕೊಂಡು ಅವರ ತೋಟಕ್ಕೆ ಹೋದರು. ಶಿವಶರಣಪ್ಪನವರು ನೀರಿನ ಹೊಂಡದ ದಂಡೆಯ ಮೇಲೆ ನಿಂತಿದ್ದರು.

“ಸೋತಾವನ ಹಂತೇಕ ಏನ್ ಕೆಲಸ ಬಿತ್ತವ್ವಾ?” ಎಂದರು.

“ಗೆದ್ದವರು ನನ್ನ ಕೂಡನ ಅದಾರಲ್ರಿ ಕಾಕಾ. ನಿಮ್ಮ ಹಂತೇಕ ನಾನ ಬರಬೇಕು.”

ಅವರಿಗೆ ನಗು ಬಂತು, ತಡೆದುಕೊಂಡರು. ಆಮ್ರಪಾಲಿ ಎರಡೇ ಮಾತು ಕೇಳಿದರು. ಕಂಬಕ್ಕೆ ತೊಟ್ಟಿಲು ಕಟ್ಟಲು ಯಾರಿಗೂ ಬಿಡಬಾರದು, ಯಾವ ಊರಿನ ಕೂಸಾದರೂ ಕೂಸಿನ ಮನೆಗೆ ಕಳಿಸಬೇಕು. ಹೆಂಗಸರು ತೋಟದಲ್ಲಿರುವಾಗ ಬ್ಲೋವರ್ ಚಾಲೂ ಮಾಡಬಾರದು.

“ಔಷಧಿಗೆ ಹೊತ್ತು ಅಂತ ಇರ್ತೈತಿ, ಆಮ್ರವ್ವಾ. ನಮ್ಮ ಹೊತ್ತಿಗೆ ಬೆಳಿ ಕೇಳೂದಿಲ್ಲ.”

“ಗೊತ್ತೈತ್ರಿ. ನಾ ಹನ್ನೆರಡು ವರ್ಷ ಇದ ತೋಟದಾಗ ನಿಂತೇನಿ. ಸಂಜಿ ನಾಕರ ಮ್ಯಾಲ ಗಾಳಿ ಸಣ್ಣ ಆಗ್ತೈತಿ. ಆವಾಗ ಹೊಡದ್ರ ಔಷಧಿನೂ ಹಾಳಾಗೂದಿಲ್ಲ.”

ಶಿವಶರಣಪ್ಪನವರು ದಂಡೆಯಿಂದ ಇಳಿದು ಬಂದರು. “ಅವತ್ತು ಜೀಪಿನ್ಯಾಗ ನಿನ್ನ ಮಗಳು ಉಸಿರು ಬಿಡೂ ಸಪ್ಪಳ ನನಗ ಇನ್ನೂ ನೆನಪೈತಿ” ಎಂದರು. “ಹೋಗು, ನಾ ನೋಡ್ಕೋತೇನಿ. ಉಳದ ತೋಟದವರಿಗೂ ನಾನ ಹೇಳ್ತೇನಿ. ನೀ ಹೇಳಿದ್ರ ಅಧ್ಯಕ್ಷರ ಹುಕುಂ ಅಂತಾರ.”

ಹೇಳಿದರು. ಖಂಡಪ್ಪ ಎಂಬ ಒಬ್ಬ ತೋಟಗಾರರು ಕೇಳಲಿಲ್ಲ. ಆ ಹಂಗಾಮಿನಲ್ಲಿ ಕೂಸಿರುವ ಹೆಂಗಸರು ಅವರ ತೋಟದ ಗಾಡಿ ಹತ್ತಲಿಲ್ಲ. ಮುಂದಿನ ಹಂಗಾಮಿಗೆ ಅವರೂ ಕೇಳಿದರು.

ಬೇಸಿಗೆಗೆ ಮೊದಲು ನಾನು ಹೆದರಿದ್ದ ಫೋನು ಬಂತು. ತಾಲ್ಲೂಕಿನ ಅಧಿಕಾರಿ, ಹತ್ತೂವರೆಗೆ ತಪಾಸಣೆಗೆ ಬರುತ್ತೇನೆ ಎಂದರು. ಆಮ್ರಪಾಲಿ ನನ್ನ ಕೈಯಿಂದ ಫೋನು ತೆಗೆದುಕೊಂಡರು. “ಏಳಕ್ಕ ಬರ್ರಿ ಸರ್. ಕೂಸುಗಳು ಆರೂವರಿಗೆ ಹಾಜರಿರ್ತಾವು. ದೊಡ್ಡವರು ತಡಾ ಮಾಡಿದ್ರ ಚೊಲೋ ಕಾಣೂದಿಲ್ಲ.”

ನಾನು ಕಣ್ಣು ಮುಚ್ಚಿಕೊಂಡೆ. ಆ ಕಡೆಯಿಂದ ನಗು ಕೇಳಿಸಿತು.

ಅಧಿಕಾರಿ ಏಳೂ ಹತ್ತಕ್ಕೆ ಬಂದರು, ಸ್ವೆಟರ್ ಹಾಕಿಕೊಂಡು. ಒಳಗೆ ಮೂವತ್ತು ಮಕ್ಕಳು. ಆಶಾಬಿ ಒಬ್ಬನ ಮೂಗು ಒರೆಸುತ್ತಿದ್ದರು. ಗೋಡೆಯ ಮೇಲೆ ಆರೂವರೆ ಎಂಬ ಸಮಯ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ಮುಚ್ಚಿಡೋಣ ಎಂದು ನಾನು ಹೇಳಿದ್ದೆ, ಆಮ್ರಪಾಲಿ ಬಿಟ್ಟಿರಲಿಲ್ಲ.

“ಹೊತ್ತು ಬದಲಿ ಮಾಡಾಕ ಯಾರ್ನ ಕೇಳಿದ್ರಿ?” ಅಧಿಕಾರಿ ಕೇಳಿದರು.

“ತಾಯಂದಿರನ್ನ ಕೇಳೇವ್ರಿ. ಠರಾವು ಐತಿ, ನನ್ನ ಹೆಸರಿನ ಮ್ಯಾಲ ಐತಿ.” ಪುಸ್ತಕ ತೆರೆದು ಮುಂದಿಟ್ಟರು. ಬಳಿಕ ಅವರನ್ನು ಅಗಸಿಗೆ ಕರೆದೊಯ್ದು, ಹೊರಡುತ್ತಿದ್ದ ಕೊನೆಯ ಎರಡು ಗಾಡಿ ತೋರಿಸಿದರು. ಯಾರ ಸೊಂಟದಲ್ಲೂ ಕೂಸಿರಲಿಲ್ಲ. “ನೀವು ಹತ್ತೂವರಿಗೆ ಬಂದಿದ್ರ ಇಲ್ಲಿ ಒಂದ್ ನಾಯಿ ಸೈತ ಕಾಣ್ತಿದ್ದಿಲ್ರಿ.”

ಅಧಿಕಾರಿ ಭೇಟಿ ಪುಸ್ತಕದಲ್ಲಿ ಬರೆದರು: ಸ್ಥಳೀಯ ಅಗತ್ಯಕ್ಕೆ ತಕ್ಕ ಸಮಯ, ಮುಂದುವರಿಸಬಹುದು. ಆಮ್ರಪಾಲಿ ಎರಡು ಸಲ ಓದಿ, “ಶಿಕ್ಕಾ ಒಂದ್ ಹೊಡೀರಿ ಸರ್” ಎಂದರು.

“ಶಿಕ್ಕಾ ಆಫೀಸಿನ್ಯಾಗ ಐತ್ರಿ.”

“ಆತ್ರಿ, ನಾಳಿ ನಾನ ಪುಸ್ತಕ ತಗೊಂಡು ಬರ್ತೇನಿ.” ಹೋದರು. ಹೊಡೆಸಿಕೊಂಡೇ ಬಂದರು.

ಆ ಪಾಳಿಯಲ್ಲಿ ಇನ್ನೂ ಹಲವು ಕೆಲಸಗಳಾದವು. ಎಲ್ಲ ಆಗಲಿಲ್ಲ. ಸ್ಮಶಾನದ ದಾರಿಯ ತಕರಾರು ಇನ್ನೂ ಕಚೇರಿಗಳಲ್ಲೇ ಇದೆ. ಕೂಸಿನ ಮನೆಗೆ ತಾಯಂದಿರ ಸಮಿತಿ ಮಾಡಿದಾಗ ಎಲ್ಲರೂ ಆಮ್ರಪಾಲಿಯೇ ಅದಕ್ಕೂ ಮುಖ್ಯಸ್ಥರಾಗಲಿ ಎಂದರು. ಅವರು ಒಪ್ಪದೆ ಜೀನತಳ ಹೆಸರು ಹೇಳಿದರು. ಪರಸವ್ವನ ಸಿಟ್ಟೂ ಇಳಿಯಿತು. ವಾರಕ್ಕೊಮ್ಮೆ ಯಾರೂ ಕರೆಯದೆ ಹೋಗಿ, ಕೂಸುಗಳಿಗೆ ಎಣ್ಣೆ ಹಚ್ಚಿ ಬರತೊಡಗಿದರು.

ಎರಡನೇ ವರ್ಷ ನನಗೆ ಬಬಲೇಶ್ವರದ ಕಡೆ ವರ್ಗವಾಯಿತು. ಅಲ್ಲಿನ ನನ್ನ ಪಂಚಾಯಿತಿಯಲ್ಲೂ ಕೂಸಿನ ಮನೆ ಬಣ್ಣ ಬಳಿದುಕೊಂಡು ಖಾಲಿ ನಿಂತಿತ್ತು. ಸದಸ್ಯರಿಗೆ ನಾಲ್ಕು ಮಾತು ಹೇಳಿ ಎಂದು ಆಮ್ರಪಾಲಿಯವರನ್ನು ಕರೆದೆ. ಎರಡು ಬಸ್ಸು ಬದಲಿಸಿ ಬಂದರು, ಒಬ್ಬರೇ. ಭಾಷಣ ಮಾಡಲಿಲ್ಲ. ಚಹಾ ಕುಡಿಯುತ್ತ ನಡೆದದ್ದನ್ನು ಹೇಳಿದರು, ಖಾಲಿ ಕೋಣೆಯ ಮೊದಲ ವಾರವನ್ನೂ ಮುಚ್ಚಿಡದೆ.

ಅಲ್ಲಿಯ ಅಧ್ಯಕ್ಷೆ ಹೊಸಬರು, ಮೊದಲ ಪಾಳಿ. ಅಂಜುತ್ತ ಕೇಳಿದರು, “ಅಕ್ಕಾರ, ನಿಮಗ ಎರಡನೇ ಸಲ ಸಿಕ್ಕಿತ್ತು, ಹಂಗಾಗಿ ಆತು. ನನಗ ಸಿಗತೈತೋ ಇಲ್ಲೋ.”

“ಮೊದಲನೇ ಸಲನೂ ಆಗ್ತಿತ್ತವ್ವಾ” ಎಂದರು ಆಮ್ರಪಾಲಿ. “ನನಗ ಗೊತ್ತಿರಲಿಲ್ಲ. ಯಾವ ಕಾಗದ ಏನ್ ಹೇಳ್ತೈತಿ ಅಂತ ತಿಳ್ಕೊಳ್ಳೂದರಾಗ ಮೂವತ್ತು ತಿಂಗಳು ಹೋತು. ನೀವು ಅಷ್ಟು ಕಾಯಬ್ಯಾಡ್ರಿ. ಇವರು ಇಟ್ಟ ಕಾಗದ ಬಿಚ್ಚಿ ಓದ್ರಿ.” ಹೇಳುವಾಗ ನನ್ನ ಕಡೆ ಕೈ ತೋರಿಸಿದರು. ಸಭೆ ನಕ್ಕಿತು, ನಾನೂ ನಕ್ಕೆ.

ಆ ಅಧ್ಯಕ್ಷೆ ಎದ್ದು, ಕೋಣೆ ತೋರಿಸುತ್ತೇನೆ ಬನ್ನಿ ಎಂದರು. ಐದಾರು ಜನ ಹೆಣ್ಣು ಸದಸ್ಯರೂ ಅವರ ಹಿಂದೆ ಎದ್ದರು. ಆಮ್ರಪಾಲಿ ಕಪ್ಪು ಕೆಳಗಿಟ್ಟು ಅವರ ಜೊತೆ ಬಿಸಿಲಿಗೆ ಇಳಿದರು.